ಕ್ರಿಮಿಯಿಲ್ಲದೆ ಬರುವ ಊತ: ಪೆಟ್ಟು ತಿಂದ ಜೀವಕೋಶಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತೇನೆ. ರೋಗನಿರೋಧಕ ಶಕ್ತಿಯ ಪಾಠ ಬಂದಾಗಲೆಲ್ಲ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ: “ಮಿಸ್, ಕಾಲು ಉಳುಕಿದಾಗ ಯಾವ ಬ್ಯಾಕ್ಟೀರಿಯಾನೂ ಒಳಗೆ ಹೋಗಿರಲ್ಲ. ಮತ್ತೆ ಯಾಕೆ ಊದಿಕೊಳ್ಳುತ್ತೆ?” ಆ ಪ್ರಶ್ನೆಯ ಬೆನ್ನಿಗೆ ಇನ್ನೂ ಹತ್ತಾರು ಬರುತ್ತವೆ. ಮಕ್ಕಳ ಅಪ್ಪ ಅಮ್ಮಂದಿರೂ ಕೇಳುತ್ತಾರೆ, ನಮ್ಮ ಮನೆಯವರೂ ಕೇಳುತ್ತಾರೆ. ಉತ್ತರಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಕ್ರಿಮಿಯೇ ಇಲ್ಲದಿದ್ದರೂ ಊತ ಯಾಕೆ ಬರುತ್ತದೆ?

ಒಗ್ಗರಣೆಗೆ ಸಾಸಿವೆ ಹಾಕಿದಾಗ ಕಾದ ಎಣ್ಣೆಯ ಒಂದು ಹನಿ ಮಣಿಕಟ್ಟಿನ ಮೇಲೆ ಸಿಡಿಯಿತು ಅಂದುಕೊಳ್ಳಿ. ಮೊದಲು ಚುರುಕ್ ಅನ್ನುತ್ತದೆ. ಒಂದೆರಡು ನಿಮಿಷದಲ್ಲಿ ಆ ಜಾಗ ಕೆಂಪಾಗುತ್ತದೆ. ಸ್ವಲ್ಪ ಹೊತ್ತಿಗೆ ಬೊಬ್ಬೆ ಏಳುತ್ತದೆ. ರಾತ್ರಿ ಮಲಗುವಾಗ ಮುಟ್ಟಿ ನೋಡಿದರೆ ಸುತ್ತಲಿನ ಚರ್ಮ ಬಿಸಿಯಾಗಿ, ದಪ್ಪಗಾಗಿ, ನೋಯುತ್ತಿರುತ್ತದೆ. ಎಣ್ಣೆ ಬಿದ್ದದ್ದು ಸಾಸಿವೆ ಕಾಳಿನಷ್ಟು ಜಾಗಕ್ಕೆ. ಊದಿದ್ದು ಅದರ ಹಲವು ಪಟ್ಟು. ಎಣ್ಣೆ ತಾಗದ ಚರ್ಮಕ್ಕೆ ಸುದ್ದಿ ಮುಟ್ಟಿಸಿದ್ದು ಯಾರು? ಅಷ್ಟು ಕಾದ ಎಣ್ಣೆಯಲ್ಲಿ ಬ್ಯಾಕ್ಟೀರಿಯಾ ಬದುಕಿರಲು ಸಾಧ್ಯವಿಲ್ಲ.

ಮೊದಲ ನಿಮಿಷಗಳ ಕೆಂಪಿನಲ್ಲಿ ನರದ ತುದಿಗಳ ಪಾಲು ದೊಡ್ಡದು. ಆಮೇಲೆ ಗಂಟೆಗಟ್ಟಲೆ ಏರುವ ಊತದಲ್ಲಿ ಸುಟ್ಟು ಒಡೆದ ಕೋಶಗಳ ಕೈವಾಡ ಇದೆ. ಅವುಗಳ ಹೊಟ್ಟೆಯೊಳಗಿದ್ದ ವಸ್ತುಗಳು ಹೊರಗೆ ಚೆಲ್ಲುತ್ತವೆ. ಅಕ್ಕಪಕ್ಕದ ರೋಗನಿರೋಧಕ ಕೋಶಗಳು ಅದನ್ನು ಗುರುತು ಹಿಡಿದು ಎಚ್ಚೆತ್ತುಕೊಳ್ಳುತ್ತವೆ.

ಒಲೆ ಮೇಲಿಟ್ಟ ಹಾಲು ಪಾತ್ರೆಯೊಳಗೇ ಇದ್ದರೆ ಯಾರಿಗೂ ಅದರ ನೆನಪೇ ಇರುವುದಿಲ್ಲ. ಉಕ್ಕಿ ಒಲೆಗೆ ಚೆಲ್ಲಿದ ತಕ್ಷಣ ಸೀದ ವಾಸನೆಗೆ ಆಚೆ ಕೋಣೆಯಲ್ಲಿದ್ದವರೂ ಓಡಿ ಬರುತ್ತಾರೆ. ಹಾಲೇನೂ ವಿಷವಲ್ಲ, ಇರಬಾರದ ಜಾಗಕ್ಕೆ ಬಿದ್ದಿದೆ ಅಷ್ಟೆ. ಜೀವಕೋಶದ ವಿಷಯದಲ್ಲೂ ಇದೇ ನಡೆಯುತ್ತದೆ. ಒಳಗಿದ್ದಾಗ ದಿನನಿತ್ಯದ ಕೆಲಸ ಮಾಡಿಕೊಂಡಿದ್ದ ವಸ್ತು ಹೊರಗೆ ಕಂಡರೆ, ಇಲ್ಲಿ ಏನೋ ಒಡೆದಿದೆ ಎಂದೇ ಅರ್ಥ.

ಈ ವಸ್ತುಗಳಿಗೆ ಹೆಸರು ಇದೆಯಾ?

ಇದೆ. ವಿಜ್ಞಾನಿಗಳು ‘ಡ್ಯಾಂಪ್’ ಅನ್ನುತ್ತಾರೆ. ಹಾನಿಯ ಗುರುತು ಹೇಳುವ ಅಣುಗಳು ಎಂದು ಅರ್ಥ. ‘ಅಲಾರ್ಮಿನ್’ ಎಂಬ ಹೆಸರೂ ಬಳಕೆಯಲ್ಲಿದೆ. ಕ್ರಿಮಿಗಳ ಗುರುತು ಹೇಳುವ ಅಣುಗಳಿಗೆ ‘ಪ್ಯಾಂಪ್’ ಎಂದು ಹೆಸರು. ಕ್ರಿಮಿಯಿಲ್ಲದೆ ಬರೀ ಡ್ಯಾಂಪ್‌ಗಳಿಂದ ಬರುವ ಉರಿಯೂತವನ್ನು ಕ್ರಿಮಿರಹಿತ ಉರಿಯೂತ ಎನ್ನಬಹುದು.

ಒಡೆದ ಕೋಶದಿಂದ ಏನೇನು ಹೊರಗೆ ಬರುತ್ತದೆ?

ಪಟ್ಟಿ ಉದ್ದ ಇದೆ. ನನಗೆ ಮುಖ್ಯ ಅನ್ನಿಸುವ ಕೆಲವನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ಎಟಿಪಿ. ಕೋಶದ ಶಕ್ತಿಯ ನಾಣ್ಯ ಎಂದು ಹೈಸ್ಕೂಲಿನಲ್ಲೇ ಓದಿರುತ್ತೀರಿ. ಕೋಶದ ಹೊರಗಿಗಿಂತ ಒಳಗೆ ಎಟಿಪಿ ಲಕ್ಷಗಟ್ಟಲೆ ಪಟ್ಟು ಜಾಸ್ತಿ ಇರುತ್ತದೆ. ಅದಕ್ಕೇ ಪೊರೆ ಒಂಚೂರು ಹರಿದರೂ ಹೊರಗಿನವರಿಗೆ ಗೊತ್ತಾಗಿಬಿಡುತ್ತದೆ. ಬಿಳಿ ರಕ್ತಕಣಗಳ ಮೈಮೇಲೆ ಎಟಿಪಿಯನ್ನು ಹಿಡಿಯುವ ಗ್ರಾಹಕಗಳು, ಅಂದರೆ ರಿಸೆಪ್ಟರ್‌ಗಳು, ಇವೆ. ಪಿ2ಎಕ್ಸ್7 ಎಂಬುದು ಅವುಗಳಲ್ಲಿ ಒಂದು. ಹೊರಗೆ ಬಿದ್ದ ಎಟಿಪಿ ಹೆಚ್ಚು ಹೊತ್ತು ಉಳಿಯುವುದೂ ಇಲ್ಲ. ಕೋಶಗಳ ಮೈಮೇಲಿರುವ ಕಿಣ್ವಗಳು ಅದನ್ನು ಕತ್ತರಿಸಿ ಅಡಿನೋಸಿನ್ ಮಾಡುತ್ತವೆ. ಅಡಿನೋಸಿನ್ ಉರಿಯೂತವನ್ನು ತಣಿಸುತ್ತದೆ. ಕೂಗಿನೊಳಗೇ ಸಮಾಧಾನವೂ ಅಡಗಿದೆ, ನೋಡಿ. ಇದನ್ನು ಪಾಠ ಮಾಡುವಾಗ ಪ್ರತಿ ವರ್ಷವೂ ನನಗೆ ಖುಷಿಯಾಗುತ್ತದೆ.

ಎರಡನೆಯದು ಎಚ್‌ಎಂಜಿಬಿ1 ಎಂಬ ಪ್ರೋಟೀನ್. ಇದರ ಮನೆ ಕೋಶಕೇಂದ್ರ. ಅಲ್ಲಿ ಡಿಎನ್‌ಎಯನ್ನು ಬಾಗಿಸಿ ಹಿಡಿದುಕೊಂಡಿರುತ್ತದೆ. ಹೊರಗೆ ಬಂದರೆ ಬಿಳಿ ರಕ್ತಕಣಗಳನ್ನು ಕರೆಯುತ್ತದೆ. 2002ರಲ್ಲಿ ಸ್ಕಾಫಿಡಿ, ಮಿಸ್ಟೆಲಿ, ಬಿಯಾಂಕಿ ಎಂಬ ಮೂವರು ತೋರಿಸಿದ ಸಂಗತಿ ಮುಖ್ಯವಾದದ್ದು. ಪೆಟ್ಟಿಗೆ ಒಡೆದು ಸತ್ತ ಕೋಶ ಇದನ್ನು ಹೊರಗೆ ಬಿಡುತ್ತದೆ, ಅಚ್ಚುಕಟ್ಟಾಗಿ ಸಾಯುವ ಕೋಶ ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಇವಲ್ಲದೆ ಯೂರಿಕ್ ಆಸಿಡ್ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಶಾಖ ಆಘಾತ ಪ್ರೋಟೀನ್‌ಗಳಿವೆ. ಮೊದಲೇ ತಯಾರಾಗಿ ಕೂತಿರುವ ಐಎಲ್-1 ಆಲ್ಫಾ, ಐಎಲ್-33 ಎಂಬ ಸಂಕೇತ ಪ್ರೋಟೀನ್‌ಗಳಿವೆ. ಮೈಟೋಕಾಂಡ್ರಿಯಾದ ಚೂರುಗಳೂ ಇವೆ. ಅವುಗಳಿಗೆ ಬೇರೆ ಪ್ರಶ್ನೆಯೇ ಬೇಕು.

ಮೈಟೋಕಾಂಡ್ರಿಯಾ ನಮ್ಮದೇ ಅಲ್ವಾ? ಅದಕ್ಕೆ ಯಾಕೆ ಅಷ್ಟು ಗಾಬರಿ?

ನಮ್ಮದೇ. ಆದರೆ ಕೋಟ್ಯಂತರ ವರ್ಷಗಳ ಹಿಂದೆ ಅದು ಬೇರೆಯವರದಾಗಿತ್ತು. ಸ್ವತಂತ್ರವಾಗಿ ಬದುಕಿದ್ದ ಬ್ಯಾಕ್ಟೀರಿಯಾ ಒಂದು ಇನ್ನೊಂದು ಕೋಶದೊಳಗೆ ಸೇರಿ ಅಲ್ಲೇ ಉಳಿದುಬಿಟ್ಟಿತು. ಆ ಹಳೆಯ ಗುರುತುಗಳು ಇವತ್ತಿಗೂ ಹೋಗಿಲ್ಲ. ಮೈಟೋಕಾಂಡ್ರಿಯಾದ ಡಿಎನ್‌ಎ ಬ್ಯಾಕ್ಟೀರಿಯಾದ್ದರಂತೆ ಬಳೆಯಾಕಾರದಲ್ಲಿದೆ. ಅದು ಪ್ರೋಟೀನ್ ಕಟ್ಟುವಾಗಲೂ ಬ್ಯಾಕ್ಟೀರಿಯಾದಂತೆ ಫಾರ್ಮೈಲ್ ಗುಂಪು ಸೇರಿಸಿಯೇ ಶುರು ಮಾಡುತ್ತದೆ. ನ್ಯೂಟ್ರೋಫಿಲ್ ಎಂಬ ನಮ್ಮ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾದ ವಾಸನೆ ಹಿಡಿಯುವುದೇ ಈ ಗುರುತುಗಳಿಂದ.

ಈಗ ರಸ್ತೆ ಅಪಘಾತದಲ್ಲಿ ತೊಡೆ ಮೂಳೆ ಮುರಿದು ಮಾಂಸಖಂಡ ಜಜ್ಜಿಹೋದವರನ್ನು ನೆನಪಿಸಿಕೊಳ್ಳಿ. ಕೆಲವರಿಗೆ ಜ್ವರ ಏರುತ್ತದೆ, ಹೃದಯ ಜೋರಾಗಿ ಬಡಿಯುತ್ತದೆ, ಶ್ವಾಸಕೋಶಕ್ಕೂ ತೊಂದರೆಯಾಗುತ್ತದೆ. ನೋಡಿದರೆ ಥೇಟ್ ರಕ್ತಕ್ಕೆ ಸೋಂಕು ಸೇರಿದ ಹಾಗೆ. ರಕ್ತ ಕಲ್ಚರ್ ಮಾಡಿಸಿದರೆ ಏನೂ ಬೆಳೆಯುವುದಿಲ್ಲ. 2010ರಲ್ಲಿ ಹೌಸರ್ ಮತ್ತು ಜೊತೆಗಾರರು ಇಂಥ ಗಾಯಾಳುಗಳ ರಕ್ತದಲ್ಲಿ ಮೈಟೋಕಾಂಡ್ರಿಯಾದ ಡಿಎನ್‌ಎ ಬಹಳ ಜಾಸ್ತಿ ಇರುವುದನ್ನು ತೋರಿಸಿದರು. ಜಜ್ಜಿದ ಮಾಂಸಖಂಡದಿಂದ ಹೊರಬಿದ್ದ ನಮ್ಮದೇ ಮೈಟೋಕಾಂಡ್ರಿಯಾವನ್ನು ಶರೀರ ಬ್ಯಾಕ್ಟೀರಿಯಾ ಎಂದು ತಿಳಿಯುತ್ತದೆ. ಹಾಗಂತ ಅಪಘಾತವಾದವರ ಜ್ವರವೆಲ್ಲ ಇದೇ ಎಂದುಕೊಳ್ಳಬಾರದು. ನಿಜವಾದ ಸೋಂಕೂ ಬರಬಹುದು. ಎರಡನ್ನೂ ಬೇರೆ ಮಾಡಿ ನೋಡುವುದು ಐಸಿಯು ವೈದ್ಯರಿಗೆ ದೊಡ್ಡ ತಲೆನೋವು.

ದಿನಾ ಕೋಟಿಗಟ್ಟಲೆ ಕೋಶಗಳು ಸಾಯುತ್ತವಂತೆ. ಮೈಯೆಲ್ಲ ಯಾಕೆ ಊದಿಕೊಳ್ಳುವುದಿಲ್ಲ?

ಒಳ್ಳೆಯ ಪ್ರಶ್ನೆ. ನಮ್ಮ ಮೈಯಲ್ಲಿ ದಿನಕ್ಕೆ ಸುಮಾರು 33 ಸಾವಿರ ಕೋಟಿ ಕೋಶಗಳು ಹೋಗಿ ಹೊಸವು ಬರುತ್ತವೆ ಎಂದು 2021ರ ಲೆಕ್ಕಾಚಾರ ಹೇಳುತ್ತದೆ. ಹೆಚ್ಚಿನವು ರಕ್ತಕಣಗಳು. ಆದರೂ ನಮಗೆ ಗೊತ್ತೇ ಆಗುವುದಿಲ್ಲ. ಯಾಕೆಂದರೆ ಅವು ಚೆಲ್ಲಿಕೊಂಡು ಸಾಯುವುದಿಲ್ಲ.

ಅಚ್ಚುಕಟ್ಟಾಗಿ ಸಾಯುವ ಒಂದು ಬಗೆಗೆ ಅಪಾಪ್ಟೋಸಿಸ್ ಎಂದು 1972ರಲ್ಲಿ ಹೆಸರಿಟ್ಟರು. ಎಲೆ ಉದುರುವುದಕ್ಕೆ ಗ್ರೀಕರು ಬಳಸುತ್ತಿದ್ದ ಪದ ಅದು. ಹಣ್ಣೆಲೆ ತೊಟ್ಟು ಕಳಚಿ ಬಿದ್ದರೆ ಮರಕ್ಕೆ ಗಾಯವಾಗುವುದಿಲ್ಲ, ಕೊಂಬೆ ಮುರಿದರೆ ಆಗುತ್ತದೆ. ಹೀಗೆ ಸಾಯುವ ಕೋಶ ಮೊದಲು ಕುಗ್ಗುತ್ತದೆ, ಆಮೇಲೆ ಪೊರೆ ಹರಿಯದಂತೆ ಸಣ್ಣ ಸಣ್ಣ ಪೊಟ್ಟಣಗಳಾಗುತ್ತದೆ. ಪೊರೆಯ ಒಳಮೈಯಲ್ಲಿರುವ ಫಾಸ್ಫಟೈಡಿಲ್‌ಸೆರಿನ್ ಎಂಬ ಕೊಬ್ಬು ಹೊರಮೈಗೆ ಬರುತ್ತದೆ. ‘ನನ್ನನ್ನು ತಿಂದುಬಿಡು’ ಎಂದು ಮ್ಯಾಕ್ರೋಫೇಜ್ ಎಂಬ ನುಂಗುವ ಕೋಶಕ್ಕೆ ಹೇಳುವ ಗುರುತು ಅದು. ಮ್ಯಾಕ್ರೋಫೇಜ್ ಬಂದು ನುಂಗುತ್ತದೆ, ನುಂಗಿದ ಮೇಲೆ ಸುತ್ತಮುತ್ತ ಶಾಂತವಾಗಿರಿ ಎನ್ನುವ ಸಂಕೇತಗಳನ್ನೂ ಬಿಡುತ್ತದೆ.

ನುಂಗುವವರು ತಡ ಮಾಡಿದರೆ ಮಾತ್ರ ಕಷ್ಟ. ಆ ಪೊಟ್ಟಣಗಳೂ ಕೊನೆಗೆ ಒಡೆಯುತ್ತವೆ.

ಕೋಶ ಸಾಯಲೇಬೇಕಾ? ಬರೀ ಒತ್ತಡ ಬಿದ್ದರೆ ಸಾಲದಾ?

ಸಾಕು. ಬದುಕಿರುವ ಕೋಶವೂ ಕೂಗಬಲ್ಲದು. ಹಿಗ್ಗಿಸಿದರೆ, ಆಮ್ಲಜನಕ ಕಡಿಮೆಯಾದರೆ, ಬಿಸಿ ತಾಗಿದರೆ ಪೊರೆಯಲ್ಲಿರುವ ಸಣ್ಣ ಕಾಲುವೆಗಳ ಮೂಲಕ ಎಟಿಪಿ ಹೊರಗೆ ಬಿಡುತ್ತದೆ. ಸೋಂಕು ಕಂಡ ಮ್ಯಾಕ್ರೋಫೇಜ್ ತಾನು ಸಾಯದೆಯೇ ಎಚ್‌ಎಂಜಿಬಿ1 ಹೊರಗೆ ಕಳಿಸುತ್ತದೆ. 2009ರಲ್ಲಿ ಜೀಬ್ರಾ ಮೀನಿನ ಮರಿಗಳ ಬಾಲ ಕತ್ತರಿಸಿ ನೋಡಿದಾಗ, ಗಾಯದ ಅಂಚಿನ ಕೋಶಗಳು ಹೈಡ್ರೋಜನ್ ಪೆರಾಕ್ಸೈಡ್ ತಯಾರಿಸುವುದು ಕಂಡಿತು. ಬಿಳಿ ರಕ್ತಕಣಗಳು ಬರುವ ಮೊದಲೇ ಅದು ಅಂಚಿನಿಂದ ಒಳಕ್ಕೆ ಹರಡಿತ್ತು. ಕಣಗಳು ಬಂದದ್ದು ಅದರ ಜಾಡು ಹಿಡಿದೇ.

ಇಲ್ಲಿ ಒತ್ತಡ ಅಂದರೆ ಪರೀಕ್ಷೆಯ ಟೆನ್ಷನ್ ಅಲ್ಲ. ಕೋಶದ ಮಟ್ಟದ ಒತ್ತಡ. ಎರಡನ್ನೂ ಕಲಸಿ ಬರೆದ ಲೇಖನಗಳನ್ನು ತುಂಬಾ ನೋಡಿದ್ದೇನೆ, ಮಕ್ಕಳಿಗೆ ಗೊಂದಲವಾಗುವುದು ಅಲ್ಲೇ.

ಹಾನಿಗೊಂಡ ಕೋಶ ಕೂಗುತ್ತದೆ ಎಂದು ಮೊದಲು ಹೇಳಿದ್ದು ಯಾರು?

ಬಹಳ ಕಾಲ ರೋಗನಿರೋಧಕ ವ್ಯವಸ್ಥೆ ಕೇಳುವುದು ಒಂದೇ ಪ್ರಶ್ನೆ ಎಂದು ನಂಬಿದ್ದರು: ಇದು ನನ್ನದಾ, ಹೊರಗಿನದಾ? 1989ರಲ್ಲಿ ಅಮೆರಿಕದ ಚಾರ್ಲ್ಸ್ ಜೇನ್‌ವೇ, ಕ್ರಿಮಿಗಳ ಸಾಮಾನ್ಯ ಗುರುತುಗಳನ್ನು ಹಿಡಿಯುವ ಗ್ರಾಹಕಗಳು ನಮ್ಮಲ್ಲಿ ಇರಲೇಬೇಕು ಎಂದರು. 1994ರಲ್ಲಿ ಪಾಲಿ ಮ್ಯಾಟ್ಜಿಂಜರ್ ಎಂಬ ವಿಜ್ಞಾನಿ ಪ್ರಶ್ನೆಯನ್ನೇ ಬದಲಿಸಿದರು. ನನ್ನದೋ ಹೊರಗಿನದೋ ಎನ್ನುವುದಕ್ಕಿಂತ ಅಪಾಯ ಇದೆಯೋ ಇಲ್ಲವೋ ಎನ್ನುವುದು ಮುಖ್ಯ ಎಂದು ವಾದಿಸಿದರು. ಗರ್ಭದಲ್ಲಿರುವ ಮಗುವಿನಲ್ಲಿ ಅರ್ಧ ತಂದೆಯದು, ಅಂದರೆ ತಾಯಿಯ ಮೈಗೆ ಹೊರಗಿನದು. ಆದರೂ ತಾಯಿಯ ಶರೀರ ಅದರ ಮೇಲೆ ಯುದ್ಧ ಸಾರುವುದಿಲ್ಲ, ಅಲ್ವಾ?

ಅದೇ 1994ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ವಾಲ್ಟರ್ ಲ್ಯಾಂಡ್ ಮೂತ್ರಪಿಂಡ ಕಸಿಯಾದ ರೋಗಿಗಳನ್ನು ನೋಡಿ ಇಂಥದ್ದೇ ಮಾತು ಹೇಳಿದರು. ಕಸಿಯ ಹೊತ್ತಿಗೆ ಅಂಗಕ್ಕೆ ಆಗುವ ಹಾನಿಯೇ ಮುಂದೆ ಅದನ್ನು ತಿರಸ್ಕರಿಸಲು ದಾರಿ ಮಾಡಿಕೊಡುತ್ತದೆ ಎಂಬುದು ಅವರ ಮಾತು. ಮ್ಯಾಟ್ಜಿಂಜರ್ ಅವರ ವಾದ ಎಲ್ಲವನ್ನೂ ವಿವರಿಸುತ್ತದೆ ಎಂದು ಇವತ್ತಿಗೂ ಎಲ್ಲರೂ ಒಪ್ಪುವುದಿಲ್ಲ. ಆದರೆ ಹಾನಿಗೊಂಡ ಕೋಶದ ಮಾತಿಗೆ ಬೆಲೆ ಇದೆ ಎಂಬುದರಲ್ಲಿ ಈಗ ಜಗಳವಿಲ್ಲ.

ಇನ್‌ಫ್ಲಮಸೋಮ್ ಅಂದರೇನು?

ಅಪಾಯದ ಸುದ್ದಿ ಒಳಗೆ ಮುಟ್ಟಿದಾಗ ಬಿಳಿ ರಕ್ತಕಣದೊಳಗೆ ಹಲವು ಪ್ರೋಟೀನ್‌ಗಳು ಸೇರಿ ಕಟ್ಟಿಕೊಳ್ಳುವ ಯಂತ್ರ. 2002ರಲ್ಲಿ ಸ್ವಿಟ್ಜರ್ಲೆಂಡಿನ ಯೂರ್ಗ್ ಚೋಪ್ ಅವರ ತಂಡ ಈ ಹೆಸರು ಕೊಟ್ಟಿತು. ಯಂತ್ರ ಸಿದ್ಧವಾದರೆ ಕ್ಯಾಸ್ಪೇಸ್-1 ಎಂಬ ಕತ್ತರಿ ಚುರುಕಾಗುತ್ತದೆ. ಅದು ಐಎಲ್-1 ಬೀಟಾವನ್ನು ಕತ್ತರಿಸಿ ಬಳಕೆಗೆ ತರುತ್ತದೆ. ಜ್ವರ, ನೋವು, ಊತ ಮೂರಕ್ಕೂ ಕಾರಣವಾಗುವ ಅಣು ಅದು. ಅದೇ ಕತ್ತರಿ ಗ್ಯಾಸ್ಡರ್ಮಿನ್ ಡಿ ಎಂಬ ಪ್ರೋಟೀನನ್ನೂ ಕತ್ತರಿಸುತ್ತದೆ. ಅದರ ತುಂಡುಗಳು ಪೊರೆಯಲ್ಲಿ ತೂತು ಮಾಡುತ್ತವೆ. ಕೊನೆಗೆ ಆ ಕೋಶವೂ ಒಡೆದು, ಅದರ ಡ್ಯಾಂಪ್‌ಗಳೂ ಹೊರಗೆ ಚೆಲ್ಲಬಹುದು.

ಗೌಟ್‌ಗೂ ಇದಕ್ಕೂ ಏನು ಸಂಬಂಧ?

ಇದು ನಮ್ಮ ಮನೆಯ ಕಥೆ. ನನ್ನ ದೊಡ್ಡಪ್ಪನಿಗೆ ಒಂದು ರಾತ್ರಿ ಕಾಲಿನ ಹೆಬ್ಬೆರಳ ಬುಡ ಟೊಮೇಟೊ ಹಾಗೆ ಕೆಂಪಾಗಿ ಊದಿಕೊಂಡಿತು. ಹೊದಿಕೆಯ ಅಂಚು ತಾಗಿದರೂ ಚೀರುತ್ತಿದ್ದರು. ಒಂದು ಕ್ಲಿನಿಕ್‌ನಲ್ಲಿ ಎರಡು ಸಲ ಆಂಟಿಬಯಾಟಿಕ್ ಬರೆದುಕೊಟ್ಟರು. ಒಂದು ವಾರದ ನಂತರ ಕಡಿಮೆಯಾಯಿತು, ಎರಡು ತಿಂಗಳಿಗೆ ಮತ್ತೆ ಬಂತು. ಬೇರೆ ವೈದ್ಯರು ಸೂಜಿಯಿಂದ ಕೀಲಿನ ನೀರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸೂಜಿಮೊನೆಯಂಥ ಹರಳುಗಳು ಕಂಡವು. ಬ್ಯಾಕ್ಟೀರಿಯಾ ಒಂದೂ ಇರಲಿಲ್ಲ. ಕೀಲಿನಲ್ಲಿ ಹರಳು ಕಟ್ಟಿ ಬರುವ ಈ ಕಾಯಿಲೆಯೇ ಗೌಟ್.

ನಮ್ಮ ಕೋಶಗಳು ಡಿಎನ್‌ಎ, ಆರ್‌ಎನ್‌ಎ ಒಡೆದಾಗ ಯೂರಿಕ್ ಆಸಿಡ್ ಉಳಿಯುತ್ತದೆ. ಹೆಚ್ಚಿನ ಸಸ್ತನಿಗಳಲ್ಲಿ ಅದನ್ನು ಇನ್ನೂ ಮುರಿಯುವ ಯೂರಿಕೇಸ್ ಎಂಬ ಕಿಣ್ವ ಇದೆ. ಮನುಷ್ಯರಲ್ಲಿ ಅದು ಕೆಲಸ ಮಾಡುವುದಿಲ್ಲ. ಹಾಗಾಗಿ ಯೂರಿಕ್ ಆಸಿಡ್ ರಕ್ತದಲ್ಲಿ ಏರಬಹುದು. ಒಂದು ಡೆಸಿಲೀಟರ್‌ಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ ಹರಳುಗಟ್ಟುವ ಸಾಧ್ಯತೆ ಇದೆ. ಹೆಬ್ಬೆರಳು ಮೈಯ ಉಳಿದ ಭಾಗಕ್ಕಿಂತ ತಣ್ಣಗಿರುತ್ತದೆ, ತಣ್ಣಗಿದ್ದಲ್ಲಿ ಹರಳು ಬೇಗ ಕಟ್ಟುತ್ತದೆ.

ಸಾಯುವ ಕೋಶಗಳಿಂದ ಬರುವ ಯೂರಿಕ್ ಆಸಿಡ್ ಅಪಾಯದ ಸಂಕೇತ ಎಂದು 2003ರಲ್ಲಿ ಗೊತ್ತಾಯಿತು. 2006ರಲ್ಲಿ ಚೋಪ್ ಅವರ ತಂಡವೇ ಆ ಹರಳುಗಳು ಇನ್‌ಫ್ಲಮಸೋಮ್ ಅನ್ನು ಚುರುಕುಗೊಳಿಸುತ್ತವೆ ಎಂದು ತೋರಿಸಿತು. ಗೌಟ್‌ಗೆ ಕೊಡುವ ಹಳೆಯ ಔಷಧಿ ಕೊಲ್ಚಿಸಿನ್ ಈ ದಾರಿಗೂ ಅಡ್ಡ ಬರುತ್ತದೆ. ನಮ್ಮ ಬೇಲಿ ಸಾಲಿನಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಗೌರಿ ಹೂವಿನ ಬಳ್ಳಿಯಲ್ಲೂ ಕೊಲ್ಚಿಸಿನ್ ಇದೆ. ಗಡ್ಡೆ ಅಂತೂ ಕಡು ವಿಷ. ಅದನ್ನು ಮನೆಮದ್ದು ಎಂದು ದಯವಿಟ್ಟು ಯಾರೂ ಮುಟ್ಟಬೇಡಿ, ಜೀವ ಹೋಗುತ್ತದೆ.

ಇನ್ನೊಂದು ಮಾತು. ಒಂದೇ ಕೀಲು ಇದ್ದಕ್ಕಿದ್ದಂತೆ ಊದಿ ಬಿಸಿಯಾದರೆ ಗೌಟ್ ಇರಬಹುದು ಎಂದು ಮನೆಯಲ್ಲಿ ಕೂರಬೇಡಿ. ಕೀಲಿಗೆ ನಿಜವಾದ ಸೋಂಕು ತಗಲಿದರೂ ಹಾಗೇ ಕಾಣುತ್ತದೆ, ಅದು ಕೆಲವೇ ದಿನಗಳಲ್ಲಿ ಕೀಲನ್ನು ಹಾಳು ಮಾಡುತ್ತದೆ. ಅದೇ ದಿನ ವೈದ್ಯರಿಗೆ ತೋರಿಸಿ.

ಕಲ್ಲುಪುಡಿ ಉಸಿರಾಡಿದವರ ಶ್ವಾಸಕೋಶ ಹಾಳಾಗುವುದೂ ಹೀಗೆಯೇ?

ಹೌದು. ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಬಂಡೆ ಕೊರೆದವರಿಗೆ ಸಿಲಿಕೋಸಿಸ್ ಬರುವುದು 1930ರ ದಶಕದಲ್ಲೇ ದಾಖಲಾಗಿತ್ತು. ಗಣಿ 2001ರಲ್ಲಿ ಮುಚ್ಚಿತು. ಕಲ್ಲು ಒಡೆಯುವ ಕೆಲಸ ನಾಡಿನ ತುಂಬ ಇನ್ನೂ ನಡೆಯುತ್ತಲೇ ಇದೆ.

ಕೊರೆಯುವಾಗ ಏಳುವ ಸಿಲಿಕಾ ಹರಳುಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣವು ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೂ ಹೋಗುತ್ತವೆ. ಅಲ್ಲಿ ಕಾವಲಿರುವ ಮ್ಯಾಕ್ರೋಫೇಜ್ ಹರಳನ್ನು ಧೂಳೆಂದು ನುಂಗುತ್ತದೆ. ಆದರೆ ಕಲ್ಲನ್ನು ಜೀರ್ಣಿಸುವ ಕಿಣ್ವ ಯಾವುದೂ ಇಲ್ಲ. ಹರಳು ಅದರ ಜೀರ್ಣಚೀಲವನ್ನೇ ಹರಿಯುತ್ತದೆ. ಒಳಗಿನ ಕಿಣ್ವಗಳು ಸೋರುತ್ತವೆ, ಇನ್‌ಫ್ಲಮಸೋಮ್ ಕಟ್ಟಿಕೊಳ್ಳುತ್ತದೆ, ಐಎಲ್-1 ಬೀಟಾ ಹೊರಗೆ ಬರುತ್ತದೆ, ಕೋಶ ಸಾಯುತ್ತದೆ. ಇದು 2008ರಲ್ಲಿ ಸ್ಪಷ್ಟವಾಯಿತು. ಕೋಶ ಸತ್ತರೆ ಹರಳು ಮಾತ್ರ ಹಾಗೇ ಉಳಿಯುತ್ತದೆ. ಸತ್ತ ಕೋಶದ ಕೂಗಿಗೆ ಇನ್ನೊಂದು ಮ್ಯಾಕ್ರೋಫೇಜ್ ಬರುತ್ತದೆ. ಅದೇ ಹರಳನ್ನು ನುಂಗುತ್ತದೆ. ಅದೂ ಸಾಯುತ್ತದೆ.

ಹೀಗೆ ವರ್ಷಗಟ್ಟಲೆ ನಡೆದು ಆ ಜಾಗದಲ್ಲಿ ಗಟ್ಟಿ ಗಂಟು ಬೆಳೆಯುತ್ತದೆ. ಗಣಿ ಬಿಟ್ಟು ಎಷ್ಟೋ ವರ್ಷವಾದ ಮೇಲೂ ಉಸಿರು ಕಡಿಮೆಯಾಗುತ್ತಲೇ ಹೋಗುವುದು ಇದಕ್ಕೇ. ಕ್ಷಯ ತಗಲುವ ಸಾಧ್ಯತೆಯೂ ಜಾಸ್ತಿ. ಗಂಟುಗಳನ್ನು ಕರಗಿಸುವ ಔಷಧಿ ಇಲ್ಲ. ನೀರು ಹಾಕಿ ಕೊರೆಯುವುದು, ಧೂಳು ಏಳದಂತೆ ನೋಡಿಕೊಳ್ಳುವುದು, ಸರಿಯಾದ ಮಾಸ್ಕ್ ಕೊಡುವುದು, ಇಷ್ಟೇ ದಾರಿ. ಮುಖಕ್ಕೆ ಕಟ್ಟಿಕೊಂಡ ಟವೆಲ್ ಆ ಹರಳುಗಳನ್ನು ತಡೆಯುವುದಿಲ್ಲ.

ಹೃದಯದ ಕಾಯಿಲೆಗೂ ಇದು ಅನ್ವಯಿಸುತ್ತದಾ?

ಅನ್ವಯಿಸುತ್ತದೆ. ರಕ್ತನಾಳದ ಗೋಡೆಯಲ್ಲಿ ಕಟ್ಟುವ ಕೊಲೆಸ್ಟರಾಲ್ ಹರಳುಗಳೂ ಇದೇ ಇನ್‌ಫ್ಲಮಸೋಮ್ ಅನ್ನು ಚುರುಕುಗೊಳಿಸುತ್ತವೆ. ಮೊದಲೇ ಹೃದಯಾಘಾತವಾಗಿದ್ದ 10 ಸಾವಿರಕ್ಕೂ ಹೆಚ್ಚು ಜನರಲ್ಲಿ ಹಲವರಿಗೆ ಐಎಲ್-1 ಬೀಟಾವನ್ನು ತಡೆಯುವ ಕ್ಯಾನಕಿನುಮ್ಯಾಬ್ ಎಂಬ ಔಷಧಿ, ಉಳಿದವರಿಗೆ ಔಷಧಿಯಿಲ್ಲದ ಚುಚ್ಚುಮದ್ದು ಕೊಟ್ಟು ನೋಡಿದ ಪರೀಕ್ಷೆಯ ಫಲಿತಾಂಶ 2017ರಲ್ಲಿ ಬಂತು. 150 ಮಿಲಿಗ್ರಾಂ ಪಡೆದವರಲ್ಲಿ ಮತ್ತೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯ ಸಂಬಂಧಿ ಸಾವು ಆಗುವುದು ಶೇಕಡಾ 15ರಷ್ಟು ಕಡಿಮೆಯಾಯಿತು. ಕೊಲೆಸ್ಟರಾಲ್ ಇಳಿದಿರಲಿಲ್ಲ, ಉರಿಯೂತ ಮಾತ್ರ ಇಳಿದಿತ್ತು. ಆದರೆ ಸಾವಿಗೆ ಕಾರಣವಾಗುವ ಸೋಂಕುಗಳು ಜಾಸ್ತಿಯಾದವು. ಕಾವಲುಗಾರನ ಬಾಯಿ ಕಟ್ಟಿದರೆ ಕಳ್ಳ ಬಂದಾಗಲೂ ಕೂಗಲಾರ.

ಡ್ಯಾಂಪ್‌ಗಳನ್ನು ಲ್ಯಾಬ್‌ನಲ್ಲಿ ಅಳೆಯಬಹುದಾ?

ಸಿಆರ್‌ಪಿ, ಇಎಸ್‌ಆರ್ ಎಂಬ ರಕ್ತಪರೀಕ್ಷೆಗಳನ್ನು ಎಲ್ಲ ಕಡೆ ಮಾಡುತ್ತಾರೆ. ಅವು ಉರಿಯೂತ ಇದೆ ಎನ್ನುತ್ತವೆ, ಯಾಕೆ ಎನ್ನುವುದಿಲ್ಲ. ದಿನಬಳಕೆಗೆ ಬಂದಿರುವ ಡ್ಯಾಂಪ್ ಪರೀಕ್ಷೆ ಎಂದರೆ ಮಲದಲ್ಲಿ ನೋಡುವ ಕ್ಯಾಲ್‌ಪ್ರೊಟೆಕ್ಟಿನ್. ನ್ಯೂಟ್ರೋಫಿಲ್‌ಗಳಲ್ಲಿ ಹೇರಳವಾಗಿರುವ ಪ್ರೋಟೀನ್ ಅದು. ಕರುಳಿನಲ್ಲಿ ನಿಜವಾಗಿ ಉರಿಯೂತ ಇದೆಯಾ, ಇಲ್ಲಾ ಉರಿಯೂತವಿಲ್ಲದೆ ಹೊಟ್ಟೆ ಕಾಡುವ ಐಬಿಎಸ್ಸಾ ಎಂದು ಬೇರೆ ಮಾಡಲು ನೆರವಾಗುತ್ತದೆ.

ಬೆಟ್ಟ ಹತ್ತಿ ಇಳಿದ ಮರುದಿನ ತೊಡೆ ನೋಯುವುದು?

ಚಾಮುಂಡಿ ಬೆಟ್ಟದ ಮೆಟ್ಟಿಲು ಇಳಿದವರಿಗೆಲ್ಲ ಗೊತ್ತು. ಹತ್ತುವಾಗ ಏದುಸಿರು, ಆದರೆ ಮರುದಿನದ ನೋವು ತರುವುದು ಇಳಿಯುವುದು. ಇಳಿಯುವಾಗ ಮಾಂಸಖಂಡ ಬಿಗಿಯುತ್ತಲೇ ಉದ್ದವಾಗಬೇಕು, ಆಗ ನಾರುಗಳಿಗೆ ಸಣ್ಣಪುಟ್ಟ ಹಾನಿ ಆಗುತ್ತದೆ. ಹಾನಿಗೆ ಶರೀರ ಕೊಡುವ ಉತ್ತರದಿಂದ ನೋವು ಬರುತ್ತದೆ, ಒಂದರಿಂದ ಮೂರು ದಿನದೊಳಗೆ ಏರಿ ತಾನೇ ಇಳಿಯುತ್ತದೆ. ಲ್ಯಾಕ್ಟಿಕ್ ಆಸಿಡ್ ಕಾರಣ ಎನ್ನುವುದು ತಪ್ಪು, ಅದು ಒಂದೆರಡು ಗಂಟೆಯಲ್ಲೇ ಹೋಗಿಬಿಡುತ್ತದೆ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಮಾತ್ರ ಸುಮ್ನೆ ಇರಬೇಡಿ, ಆಸ್ಪತ್ರೆಗೆ ಹೋಗಿ.

ಕೋಶ ಒಡೆಯದಂತೆಯೇ ತಡೆಯಲು ಆಗುವುದಿಲ್ಲವಾ?

ಸಾಯುವ ಕೋಶ ನೀರು ತುಂಬಿದ ಬಲೂನಿನಂತೆ ತಾನಾಗಿ ಒಡೆಯುತ್ತದೆ ಎಂದೇ ನಾವೆಲ್ಲ ಓದಿದ್ದೆವು, ನಾನೂ ಹಾಗೇ ಪಾಠ ಮಾಡಿದ್ದೆ. 2021ರಲ್ಲಿ ಅದು ಬದಲಾಯಿತು. ನಿಂಜುರಿನ್-1 ಎಂಬ ಪುಟ್ಟ ಪ್ರೋಟೀನ್ ಪೊರೆಯಲ್ಲಿ ಸಾಲಾಗಿ ಸೇರಿಕೊಂಡು ಅದನ್ನು ಹರಿಯುತ್ತದೆ ಎಂದು ಗೊತ್ತಾಯಿತು. ಈ ಪ್ರೋಟೀನ್ ಇಲ್ಲದ ಇಲಿಗಳ ಮ್ಯಾಕ್ರೋಫೇಜ್‌ಗಳು ಸತ್ತರೂ ಊದಿಕೊಂಡು ಗುಳ್ಳೆಯ ಹಾಗೆ ಉಳಿದವು. ಅವುಗಳೊಳಗಿನ ಎಚ್‌ಎಂಜಿಬಿ1 ಹೊರಗೆ ಬರುವುದು ತುಂಬಾ ಕಡಿಮೆಯಾಯಿತು. 2023ರಲ್ಲಿ ಅದೇ ತಂಡದವರು ನಿಂಜುರಿನ್-1ಕ್ಕೆ ಅಂಟಿಕೊಳ್ಳುವ ಪ್ರತಿಕಾಯವನ್ನು ಇಲಿಗಳಿಗೆ ಕೊಟ್ಟರು. ಪಿತ್ತಜನಕಾಂಗಕ್ಕೆ ಆಗುವ ಹಾನಿ ತಗ್ಗಿತು. ಮನುಷ್ಯರಿಗೆ ಇದು ಔಷಧಿಯಾಗಿ ಇನ್ನೂ ಬಂದಿಲ್ಲ. ನಮ್ಮ ಪಠ್ಯಪುಸ್ತಕಕ್ಕೂ ಬಂದಿಲ್ಲ, ಆದರೆ ನಾನು ಈಗ ಬೋರ್ಡಿನ ಮೇಲೆ ಕೋಶದ ಚಿತ್ರ ಬರೆಯುವಾಗ ಪೊರೆಯಲ್ಲಿ ನಿಂಜುರಿನ್‌ಗೂ ಒಂದು ಜಾಗ ಕೊಡುತ್ತೇನೆ.